ಮುಗಿದ ಕೈಗಳ ವಿಡಿಯೊ

ಕೊಗನೊಳ್ಳಿ
14 ಜೂನ್ 2024

ಪ್ರೀತಿಯ ಪೂನಮ,

ಫೋನ್ ಮಾಡುವುದು ಬಿಟ್ಟು ಕಾಗದ ಬರೆದಿದ್ದಾಳೆಂದು ಗಾಬರಿಯಾಗಬೇಡ. ನನ್ನ ಫೋನು ಪೊಲೀಸರ ಬಳಿ ಇದೆ. ಬಂದ ಬೆದರಿಕೆಗಳನ್ನೆಲ್ಲ ಪರೀಕ್ಷೆಗೆ ಕಳಿಸಬೇಕಂತೆ. ಹೊಸ ಫೋನು ಕೊಂಡೆ. ಆ ನಂಬರನ್ನೂ ಯಾರೋ ಹುಡುಕಿ ತೆಗೆದು ಎಲ್ಲರಿಗೂ ಕಾಣುವಂತೆ ಹಾಕಿದರು. ಈಗ ಅದನ್ನು ಬಂದ್ ಮಾಡಿ ಟ್ರಂಕಿನಲ್ಲಿ ಇಟ್ಟಿದ್ದೇನೆ.

ಧಾರವಾಡದವರೆಗೆ ಸುದ್ದಿ ಎಷ್ಟು ಮುಟ್ಟಿದೆಯೋ ತಿಳಿಯದು, ಮೊದಲಿನಿಂದ ಬರೆಯುತ್ತೇನೆ. ಚಿಕ್ಕೋಡಿ ಕಾಲೇಜಿನ ಅತಿಥಿ ಉಪನ್ಯಾಸಕಿ ಕೆಲಸ ಬಿಟ್ಟ ಮೇಲೆ ನಾನು ‘ಹೊಳಿದಂಡಿ’ ಎಂಬ ಯೂಟ್ಯೂಬ್ ಚಾನೆಲ್ ಶುರು ಮಾಡಿದ್ದು ನಿನಗೆ ಗೊತ್ತು. ಕ್ಯಾಮೆರಾದವಳೂ ನಾನೇ, ವರದಿಗಾರ್ತಿಯೂ ನಾನೇ. ಮಾರ್ಚಿನಲ್ಲಿ ನಮ್ಮ ಬೇಡಕಿಹಾಳದ ಹಳ್ಳಕ್ಕೆ ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯ ಕರಿ ನೀರು ಬಿಡುವುದನ್ನು ಚಿತ್ರಿಸಿದೆ. ಗಾಜಿನ ಲೋಟದಲ್ಲಿ ಆ ನೀರು ಹಿಡಿದುಕೊಂಡು ಹೋಗಿ ಕಾರ್ಖಾನೆಯ ಅಧ್ಯಕ್ಷ ಧನಪಾಲ ಅಣ್ಣಾನ ಮೇಜಿನ ಮೇಲೆ ಇಟ್ಟೆ. “ಇದು ನಮ್ಮ ನೀರಲ್ಲ ತಂಗಿ, ನೀ ಚಹಾ ಕುಡಿ” ಅಂದ. ಅದೂ ವಿಡಿಯೊದಲ್ಲಿ ಬಂತು. ಜನ ನಕ್ಕರು. ಆ ನಗೆಯೇ ಅವನಿಗೆ ತಡೆಯಲಾಗಲಿಲ್ಲ ಎಂದು ಕಾಣುತ್ತದೆ.

ಆಮೇಲೆ ಹೆಸರಿಲ್ಲದ ಒಂದು ಪೇಜ್ ಹುಟ್ಟಿತು. ಬೇರೆ ಯಾರದೋ ಮೈಗೆ ನನ್ನ ಮುಖ. ನಮ್ಮ ಮನೆಯ ಬಾಗಿಲಿನ ಫೋಟೊ. ನಾನು ಯಾವ ಬಸ್ಸಿಗೆ ಹತ್ತುತ್ತೇನೆ, ಎಲ್ಲಿ ಇಳಿಯುತ್ತೇನೆ ಎಂಬುದು. ಕೆಳಗೆ ನೂರಾರು ಜನ ಏನೇನು ಮಾಡಬೇಕೆಂದು ಬರೆದಿದ್ದರು. ಅದನ್ನು ಇಲ್ಲಿ ಬರೆಯಲಾರೆ. ಪೊಲೀಸರು ಪೇಜಿನ ಜಾಡು ಹಿಡಿದರು. ಧನಪಾಲನ ಕಚೇರಿಯಲ್ಲಿ ಕೂರುವ ಅವನ ತಮ್ಮನ ಮಗ ಸಂದೇಶ. ಕೇಸ್ ಆಯಿತು, ಜಾಮೀನೂ ಆಯಿತು. ಪೇಜು ಹೆಸರು ಬದಲಿಸಿಕೊಂಡು ನಡೆದೇ ಇದೆ. ಬಾಗಿಲಿನ ಫೋಟೊ ಬಂದ ಮೇಲೆ ನನ್ನ ತಮ್ಮ ಶ್ರೇಣಿಕನ ಹೆಂಡತಿ ತನ್ನ ಮಕ್ಕಳನ್ನು ಅಂಗಳಕ್ಕೆ ಬಿಡಲಿಲ್ಲ. ನಾನೇ ಹೊರಟು ಬಂದೆ.

ಇಲ್ಲಿ ಹೆದ್ದಾರಿಯ ಪಕ್ಕ ಲಕ್ಕವ್ವ ಎಂಬಾಕೆಯ ಖಾನಾವಳಿ ಇದೆ. ಮೇಲಿನ ಕೋಣೆ ನನ್ನದು. ಮೊದಲ ದಿನವೇ ಕೇಳಿದಳು: “ಫೋನಿನಾಗ ಬೈಯಾವ್ರಿಗೆ ಅಂಜಿ ಊರು ಬಿಟ್ಟೀರೇನ್ರಿ ಬಾಯಾರ? ನನಗ ದಿನಾ ಲಾರಿ ಡ್ರೈವರಗೋಳು ಎದುರಿಗೇ ಬೈತಾರ, ಸಾರಿಗೆ ಉಪ್ಪು ಕಡಿಮಿ ಅಂತ.”

ನನಗೆ ಬೇಕಾದದ್ದು ದೊಡ್ಡದೇನಲ್ಲ, ಪೂನಮ. ನಾನು ನನ್ನ ಮನೆಗೆ ಹೋಗಬೇಕು, ನನ್ನ ಕೆಲಸ ಮಾಡಬೇಕು. ಅದಕ್ಕೆ ಪೊಲೀಸ್ ರಕ್ಷಣೆ ಕೊಡಿ ಎಂದು ಉಚ್ಚ ನ್ಯಾಯಾಲಯದಲ್ಲಿ ಕೇಳುತ್ತೀಯಾ? ಒಂದೇ ಓಣಿಯಲ್ಲಿ ಆಡಿ ಬೆಳೆದವಳು ನೀನು. ಬೇರೆ ವಕೀಲರಿಗೆ ಆ ಫೋಟೊಗಳನ್ನು ತೋರಿಸಲು ನನಗೆ ಕೈ ಬರುವುದಿಲ್ಲ.

ನಿನ್ನ
ಚಂದ್ರಮತಿ


ಧಾರವಾಡ
24 ಜೂನ್ 2024

ಚಂದ್ರಕ್ಕಾ,

ನಿನ್ನ ಕಾಗದ ಸಿಕ್ಕಿತು, ಓದಿದೆ. ಕೇಸು ನಾನೇ ನಡೆಸುತ್ತೇನೆ. ಇದನ್ನು ಕೇಳಬೇಕಿತ್ತೇ?

ಇದ್ದದ್ದನ್ನು ಇದ್ದಹಾಗೆ ಹೇಳುತ್ತೇನೆ. ಪತ್ರಕರ್ತರ ರಕ್ಷಣೆಗೆಂದೇ ಮಾಡಿದ ಕಾಯ್ದೆ ನಮ್ಮ ರಾಜ್ಯದಲ್ಲಿಲ್ಲ. ನಿನ್ನ ಕಿಟಕಿಯಿಂದ ಕಾಣುವ ಗಡಿ ದಾಟಿದರೆ ಮಹಾರಾಷ್ಟ್ರದಲ್ಲಿ ಒಂದಿದೆ. ಅದೂ ಯಾವುದಾದರೂ ಸಂಸ್ಥೆಯಲ್ಲಿ ಕೆಲಸಕ್ಕಿರುವವರನ್ನು ನೋಡಿ ಬರೆದದ್ದು; ನಿನ್ನ ಹಾಗೆ ಒಬ್ಬಳೇ ಕ್ಯಾಮೆರಾ ಹಿಡಿದು ನಡೆಯುವವಳು ಅಲ್ಲಿಯೂ ಲೆಕ್ಕಕ್ಕೆ ಬರುವುದು ಕಷ್ಟ. ಹಾಗಾಗಿ ನಾವು ಪತ್ರಕರ್ತೆ ಎಂದು ಬೇಡುವುದು ಬೇಡ, ನಾಗರಿಕಳು ಎಂದು ಕೇಳೋಣ. ಮಾತಾಡುವ ಹಕ್ಕನ್ನು ಸಂವಿಧಾನ ಗುರುತಿನ ಚೀಟಿ ನೋಡಿ ಕೊಟ್ಟಿಲ್ಲ.

ನೀನು ಮಾಡಬೇಕಾದದ್ದು ಇಷ್ಟು. ಯಾವ ಸಂದೇಶವನ್ನೂ ಅಳಿಸಬೇಡ. ಯಾವುದಕ್ಕೂ ಉತ್ತರ ಕೊಡಬೇಡ. ಆರೋಪಿಗಳು ಎದುರು ಬಂದರೆ ಮಾತು ಬೇಡ, ನಮಸ್ಕಾರವೂ ಬೇಡ. ರಾಜಿ ಎಂಬ ಶಬ್ದ ಅವರ ಬಾಯಿಂದ ಬಂದ ದಿನ ನನಗೆ ಬರೆ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಸ್ನೇಹಲಳ ಎಂ.ಎಸ್ಸಿ. ಮುಗಿಯಿತು, ಮದುವೆಯ ಮಾತು ಶುರುವಾಗಿದೆ. ಮಗಳ ಮದುವೆಯ ಮಾತೆತ್ತಿದರೆ ಈ ವಕೀಲಳ ಬಾಯಿಯೇ ಕಟ್ಟುತ್ತದೆ.

ನಿನ್ನ
ಪೂನಮ


ಕೊಗನೊಳ್ಳಿ
27 ಜುಲೈ 2024

ಪ್ರೀತಿಯ ಪೂನಮ,

ಕೋರ್ಟಿನಿಂದ ಬಂದು ಎರಡು ದಿನ ಬರೀ ನಿನ್ನ ದನಿಯನ್ನೇ ಕೇಳಿಸಿಕೊಳ್ಳುತ್ತಿದ್ದೆ. ಸರ್ಕಾರಿ ವಕೀಲರು ಎದ್ದು “ಅರ್ಜಿದಾರರು ಯಾವ ಪತ್ರಿಕೆಯವರು?” ಎಂದಾಗ ನಾನು ನಿನ್ನ ಕಡೆ ನೋಡಿದೆ. ಇಷ್ಟು ವರ್ಷ ಕವಿತೆ ಓದಿದವಳು, ಓದಿಸಿದವಳು. ಆದರೆ ಕವಿತೆಯಂಥ ಉತ್ತರ ಬಂದದ್ದು ನಿನ್ನ ಬಾಯಿಂದ. ನೀನು ಎಷ್ಟು ಮೆಲ್ಲಗೆ ಹೇಳಿದೆ: “ಆಕೆ ತನ್ನ ಊರಿನ ನೀರಿನವರು, ಸ್ವಾಮಿ.” ನ್ಯಾಯಮೂರ್ತಿಗಳು ತಲೆ ಎತ್ತಿ ನೋಡಿದ್ದನ್ನು ಗಮನಿಸಿದೆಯಾ? ಬೆದರಿಕೆ ಎಷ್ಟು ನಿಜವೆಂದು ಪೊಲೀಸರು ವರದಿ ಕೊಡಬೇಕು, ಅಲ್ಲಿಯವರೆಗೆ ಪೇದೆಯೊಬ್ಬ ಆಗಾಗ ಬಂದು ನನ್ನನ್ನು ವಿಚಾರಿಸಬೇಕು ಎಂಬ ಆದೇಶ ನನಗೆ ಸಾಕಾಗಿತ್ತು.

ಪೇದೆ ಬರುತ್ತಾನೆ. ಲಕ್ಕವ್ವ ಅವನಿಗೆ ಚಪಾತಿ ಕೊಟ್ಟು “ಬಾಯಾರು ಅದಾರ ನೋಡಪಾ, ಒಬ್ಬರು ಇದ್ದವರು ಒಬ್ಬರೇ ಅದಾರ, ಎಣಿಸ್ಕೊಂಡ ಹೋಗು” ಅನ್ನುತ್ತಾಳೆ.

ಊರಿನಲ್ಲಿ ಶ್ರೇಣಿಕನಿಗೆ ಯಾರೋ ಹೇಳಿದರಂತೆ, ಈ ಸಲ ಅವನ ಕಬ್ಬು ಕಡಿಯಲು ಕಾರ್ಖಾನೆಯ ಟೋಳಿ ಬರುವುದಿಲ್ಲ ಎಂದು. ಗಂಡ ಹೆಂಡತಿ ನನ್ನನ್ನು ನೋಡಲು ಇಲ್ಲಿಗೆ ಬಂದಿದ್ದರು. ಇದೆಲ್ಲ ನನ್ನಿಂದ ಎಂಬುದನ್ನು ಅವನ ಹೆಂಡತಿಯ ಮುಖದಲ್ಲಿ ಓದಿಕೊಂಡೆ.

ಒಂದು ಮಾತು. ಕೋರ್ಟಿನ ಕ್ಯಾಂಟೀನಿನಲ್ಲಿ ನೀನು ಚಹಾ ತಣ್ಣಗಾಗಲು ಬಿಟ್ಟು ಏನೋ ಹೇಳಲು ಹೊರಟು “ಹೋಗಲಿ ಬಿಡಕ್ಕಾ” ಅಂದೆ. ನನ್ನಿಂದ ನಿನಗೆ ಕೆಲಸ ಹೆಚ್ಚಾಗಿದೆ, ದಣಿದಿದ್ದೀಯ. ಮೈ ನೋಡಿಕೋ.

ನಿನ್ನ
ಚಂದ್ರಮತಿ


ಧಾರವಾಡ
2 ಸೆಪ್ಟೆಂಬರ್ 2024

ಚಂದ್ರಕ್ಕಾ,

ಬರೆಯಲು ತಡವಾಯಿತು. ಪೊಲೀಸ್ ವರದಿ ಅಕ್ಟೋಬರಿನಲ್ಲಿ ಬರುತ್ತದೆ. ಅಲ್ಲಿಯವರೆಗೆ ಮಾಡುವುದೇನೂ ಇಲ್ಲ.

ದಶಲಕ್ಷಣ ಪರ್ವ ಬಂತು. ಹಬ್ಬಕ್ಕೂ ಹೆದ್ದಾರಿಯ ಖಾನಾವಳಿಯಲ್ಲಿ ಕೂರಬೇಡ. ಪರ್ವ ಮುಗಿದು ಎಲ್ಲರೂ ಒಬ್ಬರಿಗೊಬ್ಬರು ಕ್ಷಮೆ ಕೇಳುವ ಕ್ಷಮಾವಾಣಿಯ ದಿನವಾದರೂ ಊರಿಗೆ ಹೋಗು. ಆ ದಿನ ನಮ್ಮಲ್ಲಿ ಯಾರೂ ಯಾರ ಮೇಲೂ ಕೈ ಎತ್ತುವುದಿಲ್ಲ, ಅದು ನಿನಗೂ ಗೊತ್ತು. ಧನಪಾಲ ಅಣ್ಣಾವರು ಬಸದಿಗೆ ಬಂದರೆ ಮುಖ ತಿರುಗಿಸಬೇಡ. ಕೋರ್ಟಿನದು ಕೋರ್ಟಿಗೆ, ಧರ್ಮದ್ದು ಧರ್ಮಕ್ಕೆ. ಊರಲ್ಲಿ ಸ್ವಲ್ಪ ತಂಪಾದರೆ ಕೇಸಿಗೂ ಒಳ್ಳೆಯದೇ.

ಯಾವ ಹೊತ್ತಿಗೆ ಬಸದಿಗೆ ಹೋಗುತ್ತೀ ಎಂದು ಒಂದು ಸಾಲು ಬರೆ. ನನಗೆ ಸಮಾಧಾನ.

ಪೂನಮ


ಕೊಗನೊಳ್ಳಿ
21 ಸೆಪ್ಟೆಂಬರ್ 2024

ಪ್ರೀತಿಯ ಪೂನಮ,

ನೀನು ಹೇಳಿದ್ದು ಸರಿಯಾಯಿತು. ಊರಿಗೆ ಹೋಗಿ ಬಂದೆ.

ನಿನಗೆ ಬರೆದಿದ್ದ ಹಾಗೆ ಮಧ್ಯಾಹ್ನದ ಪೂಜೆ ಮುಗಿಯುವ ಹೊತ್ತಿಗೆ ಬಸದಿಗೆ ಹೋದೆ. ಎಲ್ಲರೂ ಮಾತಾಡಿಸಿದರು. ನಮ್ಮ ಓಣಿಯ ಕಮಲಾಬಾಯಿ ಅಜ್ಜಿ ನಿನಗೆ ನೆನಪಿರಬೇಕು, ನಾವಿಬ್ಬರೂ ಅವರ ಪೇರಲ ಗಿಡ ಹತ್ತಿ ಬೈಸಿಕೊಂಡವರು. ನನ್ನ ಕೈ ಹಿಡಿದು ಪಕ್ಕದಲ್ಲೇ ನಿಲ್ಲಿಸಿಕೊಂಡರು. “ಯಾಕ ಬೇ, ಸೊರಗೀ? ಕೊಗನೊಳ್ಳ್ಯಾಗ ಊಟ ಹಾಕೂದಿಲ್ಲೇನು?”

ಒಬ್ಬರಿಗೊಬ್ಬರು ಕೈ ಮುಗಿಯುತ್ತ ನಡೆದಿದ್ದಾಗ ಧನಪಾಲ ಅಣ್ಣಾ ನನ್ನ ಎದುರಿಗೇ ಬಂದು ನಿಂತ. ಹಿಂದೆ ಸಂದೇಶ. ಅಣ್ಣಾ ಬಗ್ಗಿ, ಕೈ ಜೋಡಿಸಿ ಅಂದ: “ತಂಗೆವ್ವಾ, ವರ್ಷದಾಗ ನಮ್ಮ ಕಡಿಂದ ಏನರ ನೋವಾಗಿದ್ರ, ಉತ್ತಮ ಕ್ಷಮಾ.”

ಬೆದರಿಕೆಯ ಸಾಲುಗಳು ಕಣ್ಣೆದುರು ಬಂದವು. ಕಮಲಾಬಾಯಿ ಅಜ್ಜಿ ಮೊಣಕೈಯಿಂದ ತಿವಿದರು. “ಕೈ ಮುಗೀ ಬೇ. ಇವತ್ತ ಕೇಳಿದವರಿಗೆ ಇಲ್ಲ ಅನಬಾರದು.”

ಮುಗಿದೆ. ಹುಟ್ಟಿದಾಗಿನಿಂದ ಹೇಳಿದ್ದನ್ನೇ ಹೇಳಿದೆ: “ಉತ್ತಮ ಕ್ಷಮಾ. ನನ್ನ ಕಡಿಂದ ತಪ್ಪಾಗಿದ್ರ ನೀವೂ ಕ್ಷಮಾ ಮಾಡ್ರಿ.” ವರ್ಷವಿಡೀ ಮುಖ ನೋಡದವರಿಗೂ ನಾವು ಹೀಗೇ ಹೇಳುತ್ತೇವಲ್ಲ, ಕೇಳಿಸಿಕೊಂಡವರು ತಾವೂ ಕೇಳಬೇಕು, ಇಲ್ಲದಿದ್ದರೆ ಅದು ಪೂರ್ತಿಯಾಗುವುದಿಲ್ಲ. ಸಂದೇಶನೂ “ಅತ್ತಿ, ಉತ್ತಮ ಕ್ಷಮಾ” ಅಂದ. ಅವನ ಒಂದು ಕೈಯಲ್ಲಿ ಫೋನಿತ್ತು, ಹಾಗಾಗಿ ಕೈ ಸರಿಯಾಗಿ ಜೋಡಿಸಲಾಗಲಿಲ್ಲ. ಈಗಿನ ಹುಡುಗರು ದೇವರ ಮುಂದೂ ಅದನ್ನು ಕೆಳಗಿಡುವುದಿಲ್ಲ ಅಂದುಕೊಂಡೆ.

ಹೊರಗೆ ಬಂದಾಗ ಮೈ ಹಗುರವಾಗಿತ್ತು. ಶ್ರೇಣಿಕನ ಮಕ್ಕಳು ಅಂಗಳದಲ್ಲಿ ಆಡುತ್ತಿದ್ದರು. ವರದಿ ಬಂದು ಆದೇಶವಾದರೆ ದೀಪಾವಳಿ ಮನೆಯಲ್ಲೇ. ನಿನಗೂ ಇಲ್ಲಿಂದಲೇ, ಮನಸಾರೆ: ಉತ್ತಮ ಕ್ಷಮಾ.

ನಿನ್ನ
ಚಂದ್ರಮತಿ


ಧಾರವಾಡ
18 ಅಕ್ಟೋಬರ್ 2024

ಚಂದ್ರಕ್ಕಾ,

ನಿನ್ನೆ ಅರ್ಜಿ ವಿಚಾರಣೆಗೆ ಬಂದಿತ್ತು. ಪೊಲೀಸ್ ವರದಿಯ ಜೊತೆ ಒಂದು ವಿಡಿಯೊ ಇತ್ತು. ಬಸದಿಯಲ್ಲಿ ತೆಗೆದದ್ದು. ಧನಪಾಲ ಅಣ್ಣಾವರು ಕೈ ಮುಗಿದಿದ್ದಾರೆ, ನೀನೂ ಮುಗಿದಿದ್ದೀ, “ನನ್ನ ಕಡಿಂದ ತಪ್ಪಾಗಿದ್ರ” ಎಂಬ ನಿನ್ನ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಉಭಯತರಲ್ಲಿ ಸೌಹಾರ್ದ ಮೂಡಿದೆ, ಅರ್ಜಿದಾರರು ತಮ್ಮ ತಪ್ಪನ್ನೂ ಒಪ್ಪಿದ್ದಾರೆ, ಈಗ ಬೆದರಿಕೆಯಿಲ್ಲ ಎಂದು ವರದಿ.

ಇಂಥ ವಿಡಿಯೊ ಇಟ್ಟುಕೊಂಡು ವಾದಿಸಿ ಸೋತರೆ ಆ ತೀರ್ಪು ಮುಂದೆಯೂ ನಿನಗೆ ಅಡ್ಡ ಬರುತ್ತದೆ. ಆದ್ದರಿಂದ ಅರ್ಜಿಯನ್ನು ಮುಂದುವರಿಸುವುದಿಲ್ಲ ಎಂದು ಹೇಳಿ ಹಿಂದಕ್ಕೆ ಪಡೆದೆ. ನಿನ್ನನ್ನು ಕೇಳಲು ಸಮಯವಿರಲಿಲ್ಲ. ಅಗತ್ಯ ಬಿದ್ದರೆ ಮತ್ತೆ ಹಾಕಬಹುದು.

ಬೇಸರ ಮಾಡಿಕೊಳ್ಳಬೇಡ.

ಪೂನಮ


ಕೊಗನೊಳ್ಳಿ
4 ನವೆಂಬರ್ 2024

ಪೂನಮ,

ನಿನ್ನ ಕಾಗದ ಬರುವ ಮೊದಲೇ ವಿಡಿಯೊ ಬಂತು. ಲಕ್ಕವ್ವನ ಖಾನಾವಳಿಯಲ್ಲಿ ಊಟಕ್ಕೆ ಕೂತವನೊಬ್ಬ ನೋಡುತ್ತಿದ್ದ. ನನ್ನದೇ ದನಿ ಕೇಳಿ ಮೆಟ್ಟಿಲ ಮೇಲೆ ನಿಂತೆ. ಕೆಳಗೆ ಬರೆದಿದ್ದರು: ತಪ್ಪೊಪ್ಪಿಕೊಂಡ ಸುಳ್ಳು ಪತ್ರಕರ್ತೆ. ಅದರಲ್ಲಿ ಧನಪಾಲ ಕ್ಷಮೆ ಕೇಳಿದ್ದಿಲ್ಲ, ನಾನು ಕೇಳಿದ್ದಷ್ಟೇ ಇದೆ. ಕಾರ್ಖಾನೆಯವರು ಅದನ್ನೇ ಯೂಟ್ಯೂಬಿಗೆ ಕಳಿಸಿ ದೂರು ಕೊಟ್ಟರಂತೆ. ನನ್ನ ಕರಿ ನೀರಿನ ವಿಡಿಯೊ ಈಗ ಎಲ್ಲಿಯೂ ಕಾಣುವುದಿಲ್ಲ. ಪೇದೆ ಬರುವುದು ನಿಂತಿದೆ. ಪೇಜಿನವರು ಮತ್ತೆ ಶುರು ಮಾಡಿದ್ದಾರೆ, ಈ ಸಲ ಖಾನಾವಳಿಯ ಫಲಕದ ಫೋಟೊ.

ನಿನ್ನ ಮೇಲೆ ಸಿಟ್ಟಿಲ್ಲ. ಸೋಲುವ ಬದಲು ಹಿಂದೆ ಸರಿದೆ, ಅದು ವಕೀಲರ ಲೆಕ್ಕ, ನನಗೆ ತಿಳಿಯುವುದಿಲ್ಲ. ಮೂರ್ಖಳು ನಾನು. ಕೈಯಲ್ಲಿ ಫೋನು ಕಂಡೂ ಕಾಣಲಿಲ್ಲ. ನಮಸ್ಕಾರವೂ ಬೇಡ ಎಂದು ನೀನು ಜೂನಿನಲ್ಲೇ ಬರೆದಿದ್ದೆ.

ಮತ್ತೆ ಯಾವಾಗ ಅರ್ಜಿ ಹಾಕೋಣ? ಸ್ನೇಹಲಳ ಮದುವೆಯ ಮಾತು ಎಲ್ಲಿಗೆ ಬಂತು?

ಚಂದ್ರಮತಿ


ಕೊಗನೊಳ್ಳಿ
12 ಜನವರಿ 2025

ಪೂನಮ,

ನಾನು ಕೇಳಿದ ಎರಡೂ ಪ್ರಶ್ನೆಗಳಿಗೆ ನೀನು ಉತ್ತರ ಬರೆಯಲಿಲ್ಲ. ಎರಡಕ್ಕೂ ಉತ್ತರ ಒಂದೇ ಎಂದು ನಿನ್ನೆ ತಿಳಿಯಿತು.

ಲಕ್ಕವ್ವ ನಿಪ್ಪಾಣಿಯ ಮಂಗಲ ಕಾರ್ಯಾಲಯಕ್ಕೆ ಹೋಳಿಗೆ ಲಟ್ಟಿಸಲು ಹೋಗಿದ್ದಳು. ಬಂದವಳು ಕಾಲು ತೊಳೆಯುತ್ತಾ ಹೇಳಿದಳು: “ದೊಡ್ಡ ಸಾಖರಪುಡಾ ಇತ್ರಿ ಬಾಯಾರ. ಧನಪಾಲಣ್ಣಾರ ಮಗಾ ಅಭಿನಂದನಂದು. ಹುಡುಗಿ ಭಾಳ ಚಂದ ಅದಾಳ. ಆಕಿ ಅವ್ವ ಧಾರವಾಡದಾಗ ವಕೀಲ್ತಿ ಅಂತ. ನಿಮಗ ಕಾಗದ ಬರೀತಾರಲ್ರಿ, ಅದ ಹೆಸರು, ಪೂನಮ.” ಆಮೇಲೆ ನನ್ನ ಮುಖ ನೋಡಿ ಕೇಳಿದಳು: “ನಿಮಗ ಕರದಿಲ್ಲೇನ್ರಿ?”

ಕರೆದಿಲ್ಲ ಅಂದೆ. ಅವಳು ಸೆರಗಿನ ಗಂಟು ಬಿಚ್ಚಿ ಅಲ್ಲಿ ಹಂಚಿದ ಸಕ್ಕರೆಯ ಪುಡಿಕೆ ತೆಗೆದು ಕೈಯಲ್ಲಿಟ್ಟಳು. ನಿನ್ನ ಮಗಳ ನಿಶ್ಚಯದ ಸಕ್ಕರೆ, ನಮ್ಮ ಹಳ್ಳದ ನೀರು ಕರಿ ಮಾಡಿದ ಕಾರ್ಖಾನೆಯ ಸಕ್ಕರೆ. ಇರುವೆಗಳಿಗೆ ಹಾಕಿದೆ.

ನಿನ್ನ ಕಾಗದಗಳನ್ನು ಮತ್ತೆ ತೆಗೆದು ಓದಿದೆ. ಜೂನಿನಲ್ಲಿ ಅವರು ‘ಆರೋಪಿಗಳು’. ಸೆಪ್ಟೆಂಬರಿನಲ್ಲಿ ‘ಧನಪಾಲ ಅಣ್ಣಾವರು’. ಎರಡೂ ನಿನ್ನದೇ ಅಕ್ಷರ, ನಡುವೆ ಒಂದು ಕಪ್ ಚಹಾ ತಣ್ಣಗಾಗಿತ್ತು. ಒಂದು ಕಾಗದದಲ್ಲಿ ನೀನು ನಮಸ್ಕಾರವೂ ಬೇಡ ಅಂದೆ, ಮುಂದಿನದರಲ್ಲಿ ಮುಖ ತಿರುಗಿಸಬೇಡ ಅಂದೆ. ನಾನು ಕವಿತೆಯ ಸಾಲುಗಳ ನಡುವೆ ಏನಿದೆಯೆಂದು ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದವಳು.

ಬಸದಿಗೆ ಯಾವ ಹೊತ್ತಿಗೆ ಹೋಗುತ್ತೇನೆಂದು ಶ್ರೇಣಿಕನಿಗೂ ತಿಳಿಸಿರಲಿಲ್ಲ. ನಿನಗೆ ಬರೆದಿದ್ದೆ.

ಸಂದೇಶ ನನ್ನ ಮುಖವನ್ನು ಇನ್ನೊಬ್ಬಳ ಮೈಗೆ ಅಂಟಿಸಿದ. ಅದು ಸುಳ್ಳು ಎಂದು ನೋಡಿದವರಿಗೆ ಒಳಗೊಳಗೆ ಗೊತ್ತಿತ್ತು. ನೀನು ನನ್ನದೇ ಮೈ, ನನ್ನದೇ ದನಿ, ನನ್ನದೇ ಮುಗಿದ ಕೈಗಳನ್ನು ಕೊಟ್ಟೆ. ಅದನ್ನು ಸುಳ್ಳೆಂದು ನಾನು ಯಾರಿಗೆ ಹೇಳಲಿ?

ಚಂದ್ರಮತಿ


ಧಾರವಾಡ
2 ಸೆಪ್ಟೆಂಬರ್ 2025

ಚಂದ್ರಕ್ಕಾ,

ನಿನ್ನ ಕಾಗದ ಬಂದಾಗಿನಿಂದ ಬರೆದು ಹರಿದು ಹಾಕುತ್ತಿದ್ದೇನೆ.

ಸಂಬಂಧ ಬಂದದ್ದು ಜುಲೈ ವಿಚಾರಣೆಯ ಹಿಂದಿನ ದಿನ. ಹುಡುಗ ಒಳ್ಳೆಯವನು. ಅಪ್ಪನ ಕಾರ್ಖಾನೆಗೆ ಕಾಲಿಡುವುದಿಲ್ಲ, ಅಥಣಿಯಲ್ಲಿ ಶಾಲಾ ಮಾಸ್ತರ. ಸ್ನೇಹಲ ಅವನನ್ನು ಮೊದಲೇ ಬಲ್ಲವಳು. ಆಗ ಅವಳ ಮುಖ ನೋಡಿದ್ದರೆ ನೀನೂ ಒಪ್ಪುತ್ತಿದ್ದೆ. ನಿನಗೆ ಅಂದೇ ಹೇಳಿ ಕೇಸು ಬಿಡಬೇಕಿತ್ತು. ನೀನು ನನ್ನನ್ನು ಅಷ್ಟು ನಂಬಿ ನೋಡುತ್ತಿದ್ದೆ, ಹೇಳಲಾಗಲಿಲ್ಲ. ಎರಡನ್ನೂ ಉಳಿಸಿಕೊಳ್ಳಬಹುದು ಅಂದುಕೊಂಡೆ. ಧನಪಾಲ ಅಣ್ಣಾವರು ಕೇಳಿದ್ದು ಇಷ್ಟೇ: “ಮನೀ ಮನೀ ನಡುವ ಕೋರ್ಟ ಯಾಕವಾ? ಹಬ್ಬದ ದಿನ ಒಂದ್ಸಲ ಕೈ ಮುಗದ ಬಿಡತೇನಿ.” ನೀನು ಬರುವ ಹೊತ್ತು ಹೇಳಿದವಳು ನಾನೇ.

ಕ್ಯಾಮೆರಾ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಈ ಸಾಲನ್ನೂ ಎಷ್ಟೋ ಸಲ ಹರಿದಿದ್ದೇನೆ. ನಿಜವೆಂದರೆ, ನಾನು ಕೇಳಲಿಲ್ಲ. ಕೋರ್ಟಿನಲ್ಲಿ ವಿಡಿಯೊ ತೋರಿಸಿದಾಗ ಎದ್ದು, ಇದು ನಮ್ಮ ಧರ್ಮದ ಪದ್ಧತಿ, ತಪ್ಪೊಪ್ಪಿಗೆಯಲ್ಲ ಎಂದು ಹೇಳಲು ಅಲ್ಲಿದ್ದವರಲ್ಲಿ ನಾನೊಬ್ಬಳೇ ಇದ್ದೆ. ಹೇಳಲಿಲ್ಲ.

ಮದುವೆ ಮೇ ತಿಂಗಳಲ್ಲಿ ಆಯಿತು. ಮುಂದಿನ ವಾರ ಕ್ಷಮಾವಾಣಿ. ಕೇಳಲು ಮುಖವಿಲ್ಲ, ಕೇಳುತ್ತಿದ್ದೇನೆ. ಉತ್ತಮ ಕ್ಷಮಾ.

ನಿನ್ನ ಪೂನಮ


ಬೇಡಕಿಹಾಳ
10 ಸೆಪ್ಟೆಂಬರ್ 2025

ಪೂನಮ,

ಮೇಲೆ ಬರೆದ ಊರಿನ ಹೆಸರು ನೋಡು. ಮನೆಗೆ ಬಂದಿದ್ದೇನೆ. ರಕ್ಷಣೆ ಸಿಕ್ಕಿ ಬಂದದ್ದಲ್ಲ. ಲಕ್ಕವ್ವನ ಖಾನಾವಳಿಗೆ ಕಲ್ಲು ಬಿತ್ತು, ಅವಳ ಮೇಲೆ ಇನ್ನಷ್ಟು ಹೊರಿಸಲಾರದೆ ಬಂದೆ. ಹೊರಡುವಾಗ ಅವಳು ಅಂದಳು: “ನೀವು ಹೋದರ ಆ ಪೇದೆ ಏನ ಎಣಸಬೇಕ್ರಿ?” ಅವನು ಬರುವುದು ಬಿಟ್ಟು ವರ್ಷವಾಗುತ್ತ ಬಂತು; ನನ್ನನ್ನು ನಗಿಸಲಿಕ್ಕೆ ಹಾಗಂದಳು.

ಶ್ರೇಣಿಕನ ಕಬ್ಬು ಹೊಲದಲ್ಲೇ ಹೂ ಬಿಟ್ಟು ಒಣಗಿತು. ಹಳ್ಳದ ನೀರು ಕರಿಯಾಗಿಯೇ ಇದೆ. ಪೇಜೂ ಇದೆ.

ಮೊನ್ನೆ ಕ್ಷಮಾವಾಣಿಗೆ ನಾನು ಬಸದಿಗೆ ಹೋಗಲಿಲ್ಲ. ಬಾಗಿಲು ತೆರೆದಿಟ್ಟು ಕಟ್ಟೆಯ ಮೇಲೆ ಕೂತೆ. ಯಾರೂ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಮೊದಲು ಕಮಲಾಬಾಯಿ ಅಜ್ಜಿ ಕೋಲೂರಿಕೊಂಡು ಬಂದರು. ಮೆಟ್ಟಿಲ ಬಳಿ ನಿಂತು ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಅಂಗೈಗಳನ್ನು ಬಿಡಿಸಿ ನನಗೆ ತೋರಿಸಿದರು. “ನೋಡವಾ, ಏನೂ ಇಲ್ಲ. ಅವತ್ತ ಕೈ ಮುಗೀ ಅಂದಾಕಿ ನಾನ.” ಆಮೇಲೆ ಕೈ ಜೋಡಿಸಿದರು. ಅವರ ಹಿಂದೆ ಬಂದ ಹೆಂಗಸರೂ ಅದನ್ನೇ ಮಾಡಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲು ಬರಿಗೈ ತೋರಿಸುವುದು, ಆಮೇಲೆ ಮುಗಿಯುವುದು. ನಮ್ಮ ಓಣಿಯಲ್ಲಿ ಈಗ ಹೀಗಾಗಿದೆ, ಪೂನಮ. ತಲೆತಲಾಂತರದಿಂದ ಕಣ್ಣು ಮುಚ್ಚಿ ಮಾಡುತ್ತಿದ್ದುದನ್ನು ಈಗ ಒಬ್ಬರ ಕೈ ಒಬ್ಬರು ನೋಡಿಕೊಂಡು ಮಾಡುತ್ತಿದ್ದೇವೆ. ಅವರಿಗೆಲ್ಲ ಕ್ಷಮಾ ಹೇಳಿದೆ. ಹೇಳುತ್ತ ಅಳು ಬಂತು.

ನಿನ್ನ ಕಾಗದ ನಿನ್ನೆ ಕೊಗನೊಳ್ಳಿಯಿಂದ ತಿರುಗಿಕೊಂಡು ಬಂತು. ಸ್ನೇಹಲ ಸುಖವಾಗಿರಲಿ, ಅವಳ ಮೇಲೆ ನನಗೇನೂ ಇಲ್ಲ.

ಚಿಕ್ಕೋಡಿಯ ಸೀಮಾ ಎಂಬ ವಕೀಲೆ ನನ್ನ ಹೊಸ ಅರ್ಜಿ ಹಾಕಿದ್ದಾಳೆ. ಚಿಕ್ಕವಳು, ಆ ಫೋಟೊಗಳನ್ನು ಅವಳಿಗೂ ತೋರಿಸಿದೆ. ನಾಚಿಕೆ ಒಂದು ಸಲ ಕಳೆದುಹೋದ ಮೇಲೆ ಕೈ ಬರುತ್ತದೆ. ಮುಂದಿನ ತಿಂಗಳು ವಿಚಾರಣೆ. ಎದುರು ಪಕ್ಷದವರು ಅದೇ ವಿಡಿಯೊ ಇಟ್ಟುಕೊಂಡು ಕೂತಿದ್ದಾರೆ. ಆ ದಿನದ ಮಾತಿನ ಅರ್ಥವೇನು, ಬಸದಿಗೆ ನಾನು ಬರುವ ಹೊತ್ತನ್ನು ಅವರಿಗೆ ಯಾರು ತಿಳಿಸಿದರು, ನನ್ನನ್ನು ಕೇಳದೆ ಅರ್ಜಿ ಹಿಂದಕ್ಕೆ ಹೋದದ್ದು ಹೇಗೆ, ಇಷ್ಟನ್ನು ಪ್ರಮಾಣ ಮಾಡಿ ಹೇಳಬಲ್ಲವಳು ನೀನೊಬ್ಬಳೇ. ಹೇಳಿದರೆ ನಿನ್ನ ಕರಿಕೋಟು ಉಳಿಯುವುದೋ ಇಲ್ಲವೋ, ಬೀಗರ ಮನೆಯಲ್ಲಿ ಮಗಳ ಸ್ಥಿತಿ ಏನಾಗುವುದೋ, ನನಗೆ ಗೊತ್ತಿಲ್ಲ. ಗೊತ್ತಿದ್ದೇ ಕೇಳುತ್ತಿದ್ದೇನೆ ಎಂದು ನೀನು ಅಂದುಕೊಂಡರೂ ಸರಿ.

ನಿನ್ನ ಕಾಗದಗಳನ್ನು ಸೀಮಾಳಿಗೆ ಕೊಟ್ಟಿಲ್ಲ. ಅವು ನನಗೆಂದು ಬರೆದವು. ಒಬ್ಬರು ನನ್ನನ್ನು ನಂಬಿ ಕೊಟ್ಟದ್ದನ್ನು ಎದುರಿನವರ ಮೇಜಿನ ಮೇಲೆ ಇಡಲು ನನಗೆ ಇನ್ನೂ ಬರುವುದಿಲ್ಲ. ನೀನೇ ಬಂದು, ನಿಂತು, ಬಾಯಿಬಿಟ್ಟು ಹೇಳಬೇಕು.

ಕಾಗದದಲ್ಲಿ ನಿನ್ನ ಅಕ್ಷರ ಕಾಣುತ್ತದೆ, ಕೈ ಕಾಣುವುದಿಲ್ಲ. ಈ ಕಾಗದದ ಕೊನೆಗೆ ನಾನು ತಿರುಗಿ ಆ ಎರಡು ಶಬ್ದ ಬರೆಯಬೇಕು, ಬರೆಯದಿದ್ದರೆ ನೀನು ಕೇಳಿದ್ದು ಪೂರ್ತಿಯಾಗುವುದಿಲ್ಲ. ಅದು ನನಗೆ ಗೊತ್ತು.

ಬರೆದಿಲ್ಲ.

ಚಂದ್ರಮತಿ